ಎರಡು ಕಾಲಿಗೆ ಎರಡು ಅಳತೆ

ಡ್ರಮ್ಮುಗಳು ಮನೆಗೆ ಬಂದ ಹೊತ್ತಿನಲ್ಲಿ ಟೈಲರಮ್ಮನ ಬಾಯಲ್ಲಿ ನಾಲ್ಕು ಗುಂಡುಸೂಜಿಗಳಿದ್ದವು. ಹಾಗಾಗಿ ಅವತ್ತು ಮನೆ ಉಳಿಯಿತು ಅನ್ನಬೇಕು. ಅಂಗಡಿಯ ಆಳುಗಳಿಬ್ಬರು ಏದುಸಿರು ಬಿಡುತ್ತಾ ಎರಡು ಮಹಡಿ ಹತ್ತಿಸಿ ತಂದು ಮುಂದಿನ ಕೋಣೆಯಲ್ಲಿ ಇಳಿಸಿದರು. ಒಂದು ದೊಡ್ಡದು, ಮೂರು ಚಿಕ್ಕವು, ಸ್ಟ್ಯಾಂಡಿನ ಮೇಲೆ ಕೂತ ಎರಡು ಹಿತ್ತಾಳೆ ತಟ್ಟೆಗಳು. ಅವಳ ಹೊಲಿಗೆ ಮಿಷನ್ನು ಕಿಟಕಿಯ ಮೂಲೆ ಸೇರಿತು, ಬಟ್ಟೆ ಕತ್ತರಿಸುವ ಮೇಜು ಗೋಡೆಗೆ ಒತ್ತಿಕೊಂಡಿತು, ಗಿರಾಕಿಗಳು ಕೂರುವ ಬೆಂಚು ಹೊರಗೆ ಮೆಟ್ಟಿಲ ಬಳಿಗೆ ಹೋಯಿತು. ಮೂವತ್ತು ವರ್ಷದಿಂದ ಆ ಕೋಣೆಯಲ್ಲಿ ಕೂತು ಬೀದಿಯ ಅರ್ಧ ಜನರ ಪ್ಯಾಂಟಿನ ಅಂಚು ಮಡಿಸಿದವಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಸೂಜಿಗಳನ್ನು ಅಂಗೈಗೆ ಉಗುಳಿ, "ರೀ, ಏನ್ರೀ ಇದು ಅವತಾರ?" ಅಂದಳು.

ಗಂಡ ಕಿವಿಗೇ ಹಾಕಿಕೊಳ್ಳಲಿಲ್ಲ. ದೊಡ್ಡ ಡ್ರಮ್ಮಿನ ಮೈ ಸವರುತ್ತಾ ನಿಂತಿದ್ದ. ಅವಳು ಎದುರಿಗೆ ಹೋಗಿ ಇನ್ನೊಮ್ಮೆ ಕೇಳಿದ ಮೇಲೆ, "ಸೆಕೆಂಡ್ ಹ್ಯಾಂಡ್ ಕಣೇ. ಆದ್ರೆ ನೋಡು, ಹೊಚ್ಚ ಹೊಸದರ ಹಾಗಿದೆ," ಎಂದು ಹಲ್ಲು ಬಿಟ್ಟ.

ಈ ಗಂಡನಿಗೆ ಶಾಲೆಯಲ್ಲಿ ಗೆಳೆಯರು ಇಟ್ಟ ಹೆಸರು ಗುಡುಗು. ಬಟ್ಟೆ ಗಿರಣಿಯಲ್ಲಿ ಮೂವತ್ತೆಂಟು ವರ್ಷ ಮಗ್ಗಗಳ ನಡುವೆ ನಿಂತು, ಎರಡು ವರ್ಷದ ಹಿಂದೆ ನಿವೃತ್ತನಾದ ಮೇಲೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ. ಹತ್ತನೇ ತರಗತಿಯಲ್ಲಿ ಮೂವರು ಹುಡುಗರು ಸೇರಿ ಒಂದು ಬ್ಯಾಂಡು ಕಟ್ಟಿದ್ದರು: ಡ್ರಮ್ಮಿಗೆ ಗುಡುಗು, ಗಿಟಾರಿಗೆ ಕಡ್ಡಿ, ಹಾಡುವುದಕ್ಕೆ ಗುಂಡ. ಶಾಲೆಯ ವಾರ್ಷಿಕ ದಿನದಂದು ಒಂದೇ ಒಂದು ಸಲ ವೇದಿಕೆ ಹತ್ತಿದ್ದರು. ಮೂರು ಹಾಡು, ಮೂರೂ ಸ್ವಂತದ್ದು. ಮೂರನೆಯದು ಹೆಡ್ಮಾಸ್ತರರ ತುಕ್ಕು ಹಿಡಿದ ಸೈಕಲ್ಲಿನ ಮೇಲೆ ಕಟ್ಟಿದ ಹಾಡು. ಅದರ ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಹೆಡ್ಮಾಸ್ತರರೇ ಎದ್ದು ಬಂದು ಮೈಕಿನ ವೈರು ಕಿತ್ತುಹಾಕಿದರು. ಅಲ್ಲಿಗೆ ಬ್ಯಾಂಡು ಮುಗಿಯಿತು. ಗುಡುಗು ಗಿರಣಿ ಸೇರಿದ, ಕಡ್ಡಿ ಮನೆಮನೆ ತಿರುಗಿ ಕರೆಂಟಿನ ಮೀಟರು ಓದುವ ಕೆಲಸ ಹಿಡಿದ, ಗುಂಡ ಅಪ್ಪನ ಔಷಧಿ ಅಂಗಡಿಯಲ್ಲಿ ಕೂತ. ಅರ್ಧಕ್ಕೆ ನಿಂತ ಆ ಹಾಡು ಮಾತ್ರ ಮೂವರ ಹೊಟ್ಟೆಯಲ್ಲೂ ನಲವತ್ತಾರು ವರ್ಷ ಹಾಗೇ ಕೂತಿತ್ತು. ಈಗ ಆರು ವಾರಕ್ಕೆ ಹಳೆಯ ವಿದ್ಯಾರ್ಥಿಗಳ ಕೂಟ; ಅದಾದ ಮೇಲೆ ಶಾಲೆಯ ಕಟ್ಟಡ ಕೆಡವುತ್ತಾರಂತೆ. "ಒಂದ್ಸಲ ಪೂರ್ತಿ ಹಾಡಿ ಸಾಯೋಣ ಕಣ್ರೋ," ಅಂದನಂತೆ ಗುಂಡ. ಇವರಿಗೆ ಅಷ್ಟೇ ಸಾಕಾಯಿತು.

ಮಗ ಬಸ್ಸಿನ ಡ್ರೈವರು. ಬೆಳಗಿನ ಜಾವ ನಾಲ್ಕಕ್ಕೆ ಡಿಪೋದಲ್ಲಿರಬೇಕು, ಮಧ್ಯಾಹ್ನ ಬಂದು ಉಂಡು ಮಲಗಿದರೆ ಸಂಜೆಯ ತನಕ ಏಳುವವನಲ್ಲ. ಅವತ್ತು ಮಾತ್ರ ಅಪ್ಪ ಹಿತ್ತಾಳೆ ತಟ್ಟೆಗೆ ಕೊಟ್ಟ ಮೊದಲ ಏಟಿಗೇ ಬನಿಯನ್ನಿನಲ್ಲಿ ಎದ್ದು ಬಂದ.

"ಅಪ್ಪಾ, ಇದನ್ನ ಇಲ್ಲಿ ಬಾರಿಸ್ತೀರಾ?"

"ಇಲ್ಲಲ್ಲದೆ ಮತ್ತೆಲ್ಲಿ? ತಲೆ ಮೇಲೆ ಹೊತ್ಕೊಂಡು ಬೀದೀಲಿ ಬಾರಿಸ್ಲಾ?"

"ನಾನು ಯಾವಾಗ ಮಲಗ್ಲಿ?"

"ನಾನು ಮಗ್ಗದ ಪಕ್ಕ ನಿಂತ್ಕೊಂಡೇ ನಿದ್ದೆ ಹೊಡೆದಿದೀನಿ ಕಣೋ. ನಿದ್ದೆ ಬರೋನಿಗೆ ಸದ್ದೇನು ಲೆಕ್ಕ?"

"ನನ್ನ ಹಿಂದೆ ಐವತ್ತು ಜನ ಕೂತಿರ್ತಾರಪ್ಪ. ನಿಮ್ಮ ಮಗ್ಗದ ಹಿಂದೆ ಯಾರು ಕೂತಿದ್ರು?"

ಟೈಲರಮ್ಮ ನಡುವೆ ಬಂದಳು. ಈ ಮನೆಯ ಯಾವ ಜಗಳವಾದರೂ ಕೊನೆಗೆ ಬಂದು ಬೀಳುವುದು ಅವಳ ಮಡಿಲಿಗೇ. ಅದರ ಬಗ್ಗೆ ಅವಳಿಗೆ ಒಳಗೊಳಗೇ ಜಂಬವೂ ಇತ್ತು. ಏನೇ ಆಗಲಿ, ಒಂದು ಕಡೆ ಸ್ವಲ್ಪ ಬಿಚ್ಚಿ ಇನ್ನೊಂದು ಕಡೆ ಸ್ವಲ್ಪ ಹಿಡಿದರೆ ಸರಿಹೋಗುತ್ತದೆ ಅನ್ನುವವಳು ಅವಳು. ವಾರಕ್ಕೆ ಮೂರು ದಿನ, ಸಂಜೆ ಐದರ ಮೇಲೆ ಮಾತ್ರ ಎಂದು ಗೊತ್ತುಮಾಡಿದಳು. ಚಿಂದಿ ಬಟ್ಟೆಯ ಚೀಲವನ್ನು ದೊಡ್ಡ ಡ್ರಮ್ಮಿನೊಳಗೆ ತುರುಕಿ ಅದರ ಸದ್ದನ್ನು ಅರ್ಧಕ್ಕೆ ಇಳಿಸಿದಳು. ಅಪ್ಪ ಮುಖ ಸಿಂಡರಿಸಿದ, ಮಗ ಗೊಣಗುತ್ತಾ ಹೋಗಿ ಮಲಗಿದ.

ಎರಡನೆಯ ವಾರಕ್ಕೆ ಅವಳೇ ಸಂಜೆಯಾಗುವುದನ್ನು ಕಾಯುವಂತಾಯಿತು. ಸುಳ್ಳು ಯಾಕೆ ಹೇಳಬೇಕು, ಕೇಳುವುದಕ್ಕೆ ಚೆನ್ನಾಗೇನೂ ಇರಲಿಲ್ಲ. ಗುಂಡನಿಗೆ ಸ್ವರ ಏರಿಸಿದರೆ ಕೆಮ್ಮು. ಕಡ್ಡಿ ಗಿಟಾರಿನ ಶ್ರುತಿ ಸರಿಮಾಡುವಷ್ಟರಲ್ಲಿ ಲೋಟದ ಚಹಾ ಎರಡು ಸಲ ಆರುತ್ತಿತ್ತು.

"ಲೋ ಗುಂಡ, ಸಾಲಿನ ನಡುವೆ ಉಸಿರು ಎಳೀಬೇಡ ಕಣೋ!"

"ಈ ಗುಡುಗಿನ ಬಡಿತದಲ್ಲಿ ನನ್ನ ಉಸಿರು ಇದೆಯೋ ಹೋಯ್ತೋ ನಂಗೇ ಗೊತ್ತಾಗ್ತಿಲ್ಲ!"

ಅರವತ್ತು ದಾಟಿದ ಮೂವರು ಹೀಗೆ ಬೈದುಕೊಂಡು ನಗುವುದನ್ನು ನೋಡುವುದೇ ಒಂದು ಚೆಂದ. ಗಿರಣಿ ಬಿಟ್ಟ ಮೇಲೆ ಗಂಡ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕಂಬದ ಹಾಗೆ ಕೂತಿರುತ್ತಿದ್ದ. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಈಗ ದಿನಾ ಗಡ್ಡ ಬೋಳಿಸುತ್ತಿದ್ದ, ಶರ್ಟು ಇಸ್ತ್ರಿ ಮಾಡಿಕೊಳ್ಳುತ್ತಿದ್ದ, ಗೆಳೆಯರು ಬರುವ ದಿನ ತಾನೇ ಹೋಗಿ ಬಿಸ್ಕತ್ತು ತರುತ್ತಿದ್ದ. ಡ್ರಮ್ಮಿನ ಹಿಂದಿನ ಈ ಸ್ಟೂಲು ಒಂದು ಅವನ ಕೆಳಗಿರಲಿ, ಮಿಕ್ಕದ್ದು ಹೇಗಾದರೂ ನಡೆಯುತ್ತದೆ ಅನ್ನಿಸುತ್ತಿತ್ತು ಅವಳಿಗೆ.

ಮೂಲೆಯಲ್ಲಿ ಗುಂಡಿ ಹೊಲಿಯುತ್ತಾ ಕೂತವಳ ಕಣ್ಣಿಗೆ ಒಂದು ವಿಷಯ ಬಿತ್ತು. ಗಂಡ ಬಾರಿಸುವಾಗ ಡ್ರಮ್ಮನ್ನೂ ನೋಡುತ್ತಿರಲಿಲ್ಲ, ಗುಂಡನ ಮುಖವನ್ನೂ ನೋಡುತ್ತಿರಲಿಲ್ಲ. ಅವನ ಕಣ್ಣು ಕಡ್ಡಿಯ ಎಡಗಾಲಿನ ಬೂಟಿನ ಮೇಲೇ ನೆಟ್ಟಿರುತ್ತಿತ್ತು. ಎಡಗಾಲಿನ ತುದಿಯಿಂದ ನೆಲ ತಟ್ಟಿ ತಾಳ ಹಿಡಿಯುವುದು ಕಡ್ಡಿಗೆ ಹುಡುಗುತನದಿಂದ ಬಂದ ಅಭ್ಯಾಸ. ಒಂದು ದಿನ ಪರದೆ ಬಟ್ಟೆಯ ಕೆಲಸವಿತ್ತೆಂದು ಅವಳು ಕತ್ತರಿಸುವ ಮೇಜನ್ನು ಕೋಣೆಯ ನಡುವಿಗೆ ಎಳೆದಿದ್ದಳು. ಕಡ್ಡಿಯ ಕಾಲುಗಳು ಅದರ ಹಿಂದೆ ಮರೆಯಾದವು. ಅವತ್ತು ಗುಡುಗು ಹಾಡಿನ ಹಿಂದೆ ಹೋದ, ಮುಂದೆ ಹೋದ, ಎಲ್ಲೆಲ್ಲೋ ಹೋದ. ಕೊನೆಗೆ ಕೋಲು ಎಸೆದು, "ಈ ದರಿದ್ರ ಮೇಜನ್ನ ಯಾರು ತಂದಿಟ್ಟಿದ್ದು ಇಲ್ಲಿ?" ಎಂದು ಮೇಜಿಗೇ ಒದ್ದ.

ಊಟಕ್ಕೆ ಕೂತಾಗ ಒಂಬತ್ತು ವರ್ಷದ ಮೊಮ್ಮಗಳು, "ತಾತ, ಉಪ್ಪು ಕೊಡಿ," ಅಂದಳು. ಮೂರು ಸಲ ಅಂದಳು. ತಾತ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಲೇ ಇದ್ದ.

"ತಾತನಿಗೆ ಕೊಬ್ಬು," ಎಂದಳು ಮೊಮ್ಮಗಳು.

ಸೊಸೆ ಆಸ್ಪತ್ರೆಯಲ್ಲಿ ನರ್ಸು. ಅವಳು ಚಮಚ ಕೆಳಗಿಟ್ಟಳು. "ಅತ್ತೆ, ಮಾವನ್ನ ಒಂದ್ಸಲ ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋಗೋಣ."

ಮಾವ ಆಗಷ್ಟೇ ತಲೆ ಎತ್ತಿದ್ದ. "ಯಾರ ಕಿವಿಗೇನಾಯ್ತು?"

"ನಿಮ್ಮದೇ ಮಾವ."

"ನನ್ನ ಕಿವಿ ನೆಟ್ಟಗಿದೆ. ಈ ಮನೇಲಿ ಯಾರೂ ಬಾಯಿ ಬಿಟ್ಟು ಮಾತಾಡಲ್ಲ. ಎಲ್ಲರೂ ತಟ್ಟೆ ಜೊತೆ ಮಾತಾಡ್ತೀರ."

"ಟೀವಿ ಸದ್ದು ಕೆಳಗಿನ ಮನೆಯವರಿಗೂ ಕೇಳಿಸ್ತದೆ ಅಪ್ಪ," ಅಂದ ಮಗ.

"ಕೇಳಿಸ್ಲಿ. ಅವರ ಮನೇಲಿ ಟೀವಿ ಇಲ್ಲ."

"ಗಿರಣಿಯವರೆಲ್ಲ ಹೀಗೇ ಕಣಮ್ಮ, ಅವರ ಜೊತೆ ಮುಖ ನೋಡಿ ಮಾತಾಡ್ಬೇಕು," ಎಂದು ಟೈಲರಮ್ಮ ಮಾತು ಹಾರಿಸಿದಳು. ಆದರೆ ತನ್ನ ತಟ್ಟೆಯಲ್ಲಿದ್ದದ್ದನ್ನು ಹಾಗೇ ಬಿಟ್ಟಳು.

ಮರುದಿನ ಮನೆಯಲ್ಲಿ ಇಬ್ಬರೇ ಇದ್ದಾಗ ಅವನ ಬೆನ್ನ ಹಿಂದೆ ನಿಂತು ದೊಡ್ಡ ಕತ್ತರಿಯನ್ನು ನೆಲಕ್ಕೆ ಬೀಳಿಸಿದಳು. ಅವನು ಪತ್ರಿಕೆಯ ಹಾಳೆ ತಿರುವಿದ. "ರೀ, ಮನೆಗೆ ಬೆಂಕಿ ಬಿದ್ದಿದೆ," ಅಂದಳು. ಇನ್ನೊಂದು ಹಾಳೆ ತಿರುವಿದ. ಅವಳು ಸುತ್ತಿ ಬಂದು ಎದುರಿಗೆ ಕೂತಾಗ ಕಣ್ಣಲ್ಲಿ ನೀರಿತ್ತು. ಅವನಿಗೆ ಹೇಳದೆಯೇ ತಿಳಿಯಿತು.

"ಎಷ್ಟು ದಿನದಿಂದ?"

"ಎಡಗಿವಿ ಹೋಗಿ ಐದಾರು ವರ್ಷ ಆಯ್ತು. ಬಲಗಿವೀಲಿ ಬರೀ ಗುಂಯ್ ಅಂತದೆ. ತುಟಿ ಕಂಡ್ರೆ ಮಾತು ಗೊತ್ತಾಗ್ತದೆ. ಗಿರಣೀಲಿ ಕಲ್ತಿದ್ದು."

"ಮತ್ತೆ ಹಾಡಿಗೆ ಬಾರಿಸ್ತೀರಲ್ಲ?"

"ಕಡ್ಡಿ ಕಾಲು ಇದೆಯಲ್ಲೇ. ಅದು ಹೇಳ್ತದೆ."

"ಕಿವಿಗೆ ಮಿಷನ್ ಹಾಕ್ಸ್ಕೊಳ್ಳಿ. ಈಗ ಎಷ್ಟೋ ಜನ ಹಾಕ್ಸ್ಕೋತಾರೆ."

"ಹಾಕ್ಸ್ಕೊಂಡ ದಿನವೇ ಗುಂಡ ಡ್ರಮ್ಮು ಬಾರಿಸೋ ಅವನ ಅಳಿಯನ್ನ ತಂದು ಈ ಸ್ಟೂಲಿನ ಮೇಲೆ ಕೂರಿಸ್ತಾನೆ. ಕಿವುಡ ಡ್ರಮ್ಮು ಬಾರಿಸ್ತಾನಂತೆ ಅಂತ ನಾಲ್ಕು ಜನ ನಗ್ತಾರೆ. ಆ ಒಂದು ದಿನ ಮುಗೀಲಿ. ಆಮೇಲೆ ನೀನು ಹೇಳಿದ ಹಾಗೆ." ಅವನು ಎರಡೂ ಕೈ ಜೋಡಿಸಿದ. "ಕಡ್ಡಿಗಂತೂ ಹೇಳ್ಲೇಬೇಡ. ನನಗೋಸ್ಕರ ಕಾಲು ತಟ್ಟಬೇಕು ಅಂತ ಗೊತ್ತಾದ್ರೆ ಅವನಿಗೆ ಗಿಟಾರೇ ತಪ್ಪಿಹೋಗ್ತದೆ. ನನ್ನಾಣೆ."

ಮೂವತ್ತಾರು ವರ್ಷ ಸಂಸಾರ ಮಾಡಿದ ಗಂಡ ಒಂದು ದಿನವೂ ಕೈ ಜೋಡಿಸಿ ಏನನ್ನೂ ಕೇಳಿದವನಲ್ಲ. ಅವಳು ಹೂಂ ಅಂದಳು.

ನಾಲ್ಕನೆಯ ವಾರ ಒಂದು ಬೆಳಿಗ್ಗೆ ಕಡ್ಡಿ ಒಬ್ಬನೇ ಬಂದ. ಗುಡುಗು ತರಕಾರಿಗೆ ಹೋಗಿದ್ದ. ಕೂಟದ ದಿನಕ್ಕೆಂದು ಕೊಂಡ ಕಪ್ಪು ಪ್ಯಾಂಟಿನ ಅಂಚು ಮಡಿಸಬೇಕಿತ್ತು. ಅವನನ್ನು ಪ್ಯಾಂಟು ಹಾಕಿಸಿ ನಿಲ್ಲಿಸಿ, ಅವಳು ನೆಲದ ಮೇಲೆ ಮೊಣಕಾಲೂರಿ ಸೀಮೆಸುಣ್ಣದಿಂದ ಗೆರೆ ಎಳೆಯತೊಡಗಿದಳು. ಬಲಗಾಲಿನದು ನೇರ ಬಂತು. ಎಡಗಾಲಿನದು ಎರಡು ಸಲವೂ ವಕ್ರವಾಯಿತು.

"ಕಾಲು ಅಲ್ಲಾಡಿಸ್ಬೇಡಿ ಅಣ್ಣ."

"ನಾನು ಅಲ್ಲಾಡಿಸ್ತಿಲ್ಲ ತಂಗಿ," ಅಂದ ಕಡ್ಡಿ.

ಅವಳು ಬಟ್ಟೆಯ ಮೇಲಿಂದಲೇ ಕಾಲು ಹಿಡಿದು ನೋಡಿದಳು. ಓಡುವ ಹೊಲಿಗೆ ಮಿಷನ್ನಿನ ಮೇಲೆ ಕೈ ಇಟ್ಟ ಹಾಗಿತ್ತು. ಹಿಡಿದರೂ ನಿಲ್ಲಲಿಲ್ಲ.

ಕಡ್ಡಿ ಮೆಲ್ಲಗೆ ಸ್ಟೂಲಿನ ಮೇಲೆ ಕೂತ. "ನಡುಕದ ರೋಗ ಅಂತೆ. ಆರು ತಿಂಗಳಾಯ್ತು. ಕೈಗೆ ಇನ್ನೂ ಬಂದಿಲ್ಲ. ಮಾತ್ರೆ ನುಂಗಿದ್ರೆ ಸ್ವಲ್ಪ ಹೊತ್ತು ಕಾಲೂ ಸುಮ್ಮನಿರ್ತದೆ. ಇವತ್ತು ಇನ್ನೂ ನುಂಗಿಲ್ಲ. ಇಲ್ಲಿ ನಮ್ಮ ನಮ್ಮಲ್ಲೇ ಇದ್ದಾಗ ಪರವಾಗಿಲ್ಲ. ನಾಲ್ಕು ಜನ ನೋಡ್ತಿದಾರೆ ಅಂದ್ರೆ ಶುರು ಹಚ್ಕೊಳ್ತದೆ."

"ಗುಂಡಣ್ಣನ ಅಂಗಡಿಯಲ್ಲೇ ಮಾತ್ರೆ ತಗೋತೀರಲ್ಲ, ಅವರಿಗೆ ಗೊತ್ತಿಲ್ವಾ?"

"ಗೊತ್ತಾಗ್ತದೆ ಅಂತಾನೇ ಬಸ್ ಹತ್ತಿ ದೂರದ ಅಂಗಡಿಗೆ ಹೋಗಿ ತರ್ತೀನಿ. ನಿನ್ನ ಮಗನ ಬಸ್ಸೇ. ಎಲ್ಲಿಗೆ ಮಾವ ಅಂತ ಕೇಳ್ತಾನೆ, ಗಾಳಿ ಕುಡಿಯೋಕೆ ಅಂತೀನಿ." ಕಡ್ಡಿ ನಗಲು ನೋಡಿದ. "ನನ್ನ ಮಗಳು, ನೀನು ಬಿಟ್ರೆ ಯಾರಿಗೂ ಗೊತ್ತಿಲ್ಲ. ಗುಡುಗಿಗೆ ಮಾತ್ರ ಹೇಳ್ಬೇಡ ತಾಯಿ. ಹೆಸರಿಗೆ ಗುಡುಗು, ಹೆಂಗರುಳು ಅವನದು. ಡ್ರಮ್ಮು ಬಿಟ್ಟು ನನ್ನ ಹಾಸಿಗೆ ಪಕ್ಕ ಕೂತ್ಬಿಡ್ತಾನೆ. ಪ್ಯಾಂಟು ಸ್ವಲ್ಪ ಉದ್ದ ಬಿಡು, ಬೂಟು ಮುಚ್ಚೋ ಹಾಗೆ. ಕಾಲು ನಡುಗಿದ್ರೂ ಜನರಿಗೆ ಕಾಣ್ಬಾರ್ದು."

ಟೈಲರಮ್ಮ ಸೀಮೆಸುಣ್ಣ ಕೆಳಗಿಟ್ಟಳು. ಬೂಟು ಮುಚ್ಚಿದರೆ ಗಂಡನಿಗೆ ತಾಳವಿಲ್ಲ. ತೆರೆದಿಟ್ಟರೆ ಕಡ್ಡಿಯ ಮಾನ ಹೋಗುತ್ತದೆ. ಅವನ ಗುಟ್ಟು ಇವನಿಗೆ ಹೇಳಲಾರಳು, ಇವನದು ಅವನಿಗೆ ಹೇಳಲಾರಳು. ಮಾಡಬೇಕಾದದ್ದು ಒಂದೇ ಇತ್ತು. ಇಬ್ಬರನ್ನೂ ಕೂರಿಸಿ, ಕೈಗೆ ಚಹಾ ಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು. ಅರ್ಧ ಗಂಟೆಯ ಕೆಲಸ. ಬೈಯುತ್ತಿದ್ದರು, ಅಳುತ್ತಿದ್ದರು, ಆಮೇಲೆ ಇಬ್ಬರೂ ಸೇರಿ ಏನಾದರೂ ದಾರಿ ಹುಡುಕುತ್ತಿದ್ದರು. ಆದರೆ ಅವಳು ಟೈಲರು. ಅವಳ ತಲೆ ಹೋದದ್ದು ಅಂಚಿನ ಕಡೆಗೆ.

ಎಡಗಾಲನ್ನು ಎರಡು ಬೆರಳು ಉದ್ದ ಬಿಟ್ಟಳು, ಬೂಟು ಪೂರ್ತಿ ಮುಚ್ಚುವ ಹಾಗೆ. ಬಲಗಾಲನ್ನು ಅಳತೆಗೆ ಸರಿಯಾಗಿ ಮಡಿಸಿದಳು.

"ಅಣ್ಣ, ಬಲಗಾಲು ನಡುಗಲ್ಲ ಅಲ್ವಾ? ಇನ್ಮೇಲೆ ಅದರಲ್ಲೇ ತಾಳ ಹಾಕಿ. ಎಡಗಾಲನ್ನ ನಾನು ಮುಚ್ಚಿಟ್ಟಿದೀನಿ," ಅಂದಳು ಕಡ್ಡಿಗೆ.

"ಕಡ್ಡಿಯಣ್ಣನಿಗೆ ಎಡಗಾಲಲ್ಲಿ ಆಣಿ ಆಗಿದೆಯಂತೆ ರೀ, ಇನ್ಮೇಲೆ ಬಲಗಾಲಲ್ಲಿ ತಟ್ತಾರಂತೆ. ಅದನ್ನೇ ನೋಡ್ಕೊಳ್ಳಿ," ಅಂದಳು ಗಂಡನಿಗೆ.

ಎರಡು ವಾರ ಎಲ್ಲ ಸಲೀಸಾಗಿ ನಡೆಯಿತು. ಕಡೆಯ ದಿನ ಕಡ್ಡಿ ಹೊಸ ಪ್ಯಾಂಟು ಹಾಕಿಕೊಂಡೇ ಬಂದ. ಸೈಕಲ್ಲಿನ ಹಾಡು ಮೊದಲಿಂದ ಕೊನೆಯ ತನಕ ಎಲ್ಲೂ ತಪ್ಪದೆ ಬಂತು. ಮಗನೂ ಬಾಗಿಲಿಗೆ ಒರಗಿ ನಿಂತು ಕೇಳಿದ, ಮುಗಿದಾಗ ಚಪ್ಪಾಳೆಯನ್ನೂ ಹೊಡೆದ.

"ಅಜ್ಜಿ, ಕಡ್ಡಿ ತಾತನ ಪ್ಯಾಂಟು ಒಂದು ಕಾಲು ಉದ್ದ," ಎಂದು ಮೊಮ್ಮಗಳು ಕಿವಿಯಲ್ಲಿ ಪಿಸುಗುಟ್ಟಿದಳು.

"ಸುಮ್ನಿರೇ, ಅದು ಹೊಸ ಫ್ಯಾಷನ್ನು," ಎಂದಳು ಟೈಲರಮ್ಮ. ಅವಳಿಗೆ ತನ್ನ ಬುದ್ಧಿವಂತಿಕೆಗೆ ತಾನೇ ಬೆನ್ನು ತಟ್ಟಿಕೊಳ್ಳುವಷ್ಟು ಖುಷಿಯಾಗಿತ್ತು.

ಕೂಟ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಶಾಲೆಯ ಸಭಾಂಗಣದಲ್ಲಿ ಮುನ್ನೂರು ಜನ. ಮಗ ಡಿಪೋದಿಂದ ಯೂನಿಫಾರ್ಮಿನಲ್ಲೇ ಬಂದು ಅಮ್ಮನ ಪಕ್ಕ ಕೂತ. ಮೊದಲ ಎರಡು ಹಾಡು ದಡ ಸೇರಿದವು. ಮೂರನೆಯದಕ್ಕೆ ಮೊದಲು ಗುಂಡ ಮೈಕು ಹಿಡಿದು ಹೆಡ್ಮಾಸ್ತರರ ಕಥೆ ಹೇಳಿದ. ಜನ ಬಿದ್ದು ಬಿದ್ದು ನಕ್ಕರು, ಸಿಳ್ಳೆ ಹೊಡೆದರು, ಎಲ್ಲರ ಕಣ್ಣೂ ವೇದಿಕೆಯ ಮೇಲೆ. ಮುಂದಿನ ಸಾಲಿನಲ್ಲಿ ಕೂತ ಟೈಲರಮ್ಮನಿಗೆ ಕಡ್ಡಿಯ ಎಡಗಾಲಿನ ಬಟ್ಟೆ ಪಟಪಟನೆ ಅಲುಗುವುದು ಕಾಣಿಸಿತು.

ಕಡ್ಡಿಗೂ ಗೊತ್ತಾಯಿತು. ಪಾಪ, ನಾಚಿಕೆಯಾಗಿರಬೇಕು. ಹಾಡು ಶುರುವಾಗಿ ನಾಲ್ಕು ಸಾಲು ಆಗುವಷ್ಟರಲ್ಲಿ ಅವನು ಕೂತಲ್ಲೇ ಬಲಗಾಲನ್ನು ಎತ್ತಿ ಎಡಗಾಲಿನ ಮೇಲೆ ಇಟ್ಟು ಅದುಮಿ ಹಿಡಿದ. ಎಡಗಾಲು ನಿಲ್ಲಲಿಲ್ಲ. ಅದರ ಮೇಲೆ ಕೂತ ಬಲಗಾಲಿನ ಬೂಟೂ ಅದರ ಜೊತೆಗೇ ಕುಣಿಯತೊಡಗಿತು. ಗುಡುಗಿನ ಕಣ್ಣಿದ್ದದ್ದು ಆ ಬೂಟಿನ ಮೇಲೆ. ಬೂಟು ಓಡಿತು, ಅವನೂ ಓಡಿದ. ಗುಂಡ ಹಾಡನ್ನು ಎಳೆದುಕೊಂಡು ಅವನ ಹಿಂದೆ ಓಡಿದ. ಜನ ಇದು ತಮಾಷೆ ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಎರಡನೆಯ ಚರಣದಲ್ಲಿ ಗುಂಡನಿಗೆ ಕೆಮ್ಮು ಬಂದು ಹಾಡು ನಿಂತಿತು. ಕಡ್ಡಿ ಗಿಟಾರಿನಿಂದ ಕೈ ತೆಗೆದ.

ಬೂಟು ಮಾತ್ರ ನಿಂತಿರಲಿಲ್ಲ. ಗುಡುಗು ಒಬ್ಬನೇ ಬಾರಿಸುತ್ತಿದ್ದ. ಹಣೆಯಲ್ಲಿ ಬೆವರು, ಕಣ್ಣು ನೆಲದ ಮೇಲೆ, ಕೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಬಾರಿಸುತ್ತಿದ್ದ. ಜನ ಮೊದಲು ನಕ್ಕರು. ಆಮೇಲೆ ನಗುವುದನ್ನು ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟು ಜನರ ನಡುವೆ ಎದ್ದು ಹೋದವನು ಮಗ. ವೇದಿಕೆ ಹತ್ತಿ ಅಪ್ಪನ ಎರಡೂ ಮಣಿಕಟ್ಟು ಹಿಡಿದುಕೊಂಡ. ಗುಡುಗು ತಲೆ ಎತ್ತಿ ಮಗನನ್ನು ನೋಡಿದ, ಗೆಳೆಯರನ್ನು ನೋಡಿದ, ಸುಮ್ಮನೆ ಕೂತ ಮುನ್ನೂರು ಜನರನ್ನು ನೋಡಿದ.

ವೇದಿಕೆಯ ಹಿಂದಿನ ತರಗತಿಯಲ್ಲಿ ಬಾಗಿಲು ಹಾಕಿಕೊಂಡು ಜಗಳವಾಯಿತು.

"ತಮಾಷೆ ಮಾಡೋಕೆ ಇದೇ ಹೊತ್ತು ಸಿಕ್ತೇನೋ ನಿಂಗೆ?" ಗುಡುಗು ಕಡ್ಡಿಯ ಮೇಲೆ ಎಗರಿದ. "ಕಾಲನ್ನ ಹಂಗೆ ಓಡಿಸಿದ್ಯಲ್ಲೋ! ಬೇಕಂತ್ಲೇ ನನ್ನ ಮುಖಕ್ಕೆ ಮಸಿ ಬಳಿದೆ!"

"ನನ್ನ ಕಾಲಿನ ಉಸಾಬರಿ ನಿಂಗ್ಯಾಕೋ? ಹಾಡು ಕೇಳಿ ಬಾರಿಸೋದು ಬಿಟ್ಟು ನನ್ನ ಕಾಲು ಯಾಕೆ ನೋಡ್ತೀಯ?"



"ಹಾಡು ನಿಂತ ಮೇಲೂ ಬಡೀತಾ ಕೂತಿದ್ದೆಯಲ್ಲೋ, ಕಿವುಡನೇನೋ ನೀನು?" ಅಂದ ಗುಂಡ, ಸಿಟ್ಟಿನಲ್ಲಿ, ಬಾಯಿಗೆ ಬಂದದ್ದನ್ನು.

ಗಂಡ ಟೈಲರಮ್ಮನನ್ನು ನೋಡಿದ. ಕಡ್ಡಿಯೂ ಅವಳನ್ನೇ ನೋಡಿದ. ಎರಡು ಜೊತೆ ಕಣ್ಣೂ ಬೇಡ ಅಂದವು. ಅಲ್ಲಿ ಅವಳಾಡುವ ಒಂದು ಮಾತು ಸಾಕಿತ್ತು. ಇಬ್ಬರಿಗೂ ಕೊಟ್ಟ ಮಾತು ಇಬ್ಬರನ್ನೂ ಕೊಲ್ಲುತ್ತಿದೆ ಎಂದು ಅವಳಿಗೆ ಕಾಣುತ್ತಲೇ ಇತ್ತು. ಆದರೂ ತಲೆ ತಗ್ಗಿಸಿ ಸೆರಗಿನ ಅಂಚು ಹಿಡಿದುಕೊಂಡು ನಿಂತಳು. ಕಡ್ಡಿ ಗಿಟಾರನ್ನು ಚೀಲಕ್ಕೆ ತುರುಕಿ, "ಇನ್ನು ನಿನ್ನ ಮನೆ ಮೆಟ್ಟಿಲು ಹತ್ತಲ್ಲ ಕಣೋ," ಎಂದು ಕಾಲೆಳೆಯುತ್ತಾ ಹೊರಟುಹೋದ.

ಮನೆಗೆ ಬಂದ ಮೇಲೆ ಮಗ ಕೂಗಾಡಲಿಲ್ಲ. ಅಪ್ಪನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಒಂದೊಂದೇ ಮಾತು ಬಿಡಿಸಿ, "ನಾಳೆ ಆಸ್ಪತ್ರೆಗೆ ಹೋಗ್ತಿದೀವಿ ಅಪ್ಪ," ಅಂದ. ಅಪ್ಪ ಎಳೆಮಗುವಿನ ಹಾಗೆ ತಲೆಯಾಡಿಸಿದ. ಹದಿನೈದು ದಿನಕ್ಕೆ ಬಲಗಿವಿಗೆ ಮಿಷನ್ ಬಂತು.

"ಮನೇಲಿ ಇಷ್ಟೊಂದು ಸದ್ದು ಇತ್ತೇನೇ?" ಎಂದು ಅವನು ಬೆರಗಾದ. ಚಮಚದ ಸದ್ದು, ನಲ್ಲಿಯ ಸದ್ದು, ಮೊಮ್ಮಗಳು ಮಗ್ಗಿ ಒಪ್ಪಿಸುವ ಸದ್ದು.

ಡ್ರಮ್ಮುಗಳ ಮೇಲೆ ಅವನು ಹಳೇ ಬೆಡ್‌ಶೀಟು ಹೊದಿಸಿಬಿಟ್ಟಿದ್ದ. ಒಂದು ಸಂಜೆ ಮಗ ಅದನ್ನು ತಾನೇ ತೆಗೆದು, "ನಾನು ಎದ್ದಿದೀನಿ ಅಪ್ಪ, ಬಾರಿಸಿ," ಅಂದ.

"ಯಾರ ಜೊತೆ?" ಅಂದ ಅಪ್ಪ.

ಮಗ ಬೆಡ್‌ಶೀಟನ್ನು ಇದ್ದ ಹಾಗೆ ಹೊದಿಸಿ ಒಳಗೆ ಹೋದ.

ಎರಡು ತಿಂಗಳು ಕಳೆಯಿತು. ಟೈಲರಮ್ಮ ಇಂದು ಹೇಳೋಣ, ನಾಳೆ ಹೇಳೋಣ ಎಂದುಕೊಂಡು ದಿನ ತಳ್ಳಿದಳು. ಕೋಪ ಆರಲಿ, ಆಮೇಲೆ ತಾನಾಗೇ ಸರಿಹೋದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಒಂದು ದಿನ ಸೊಸೆ ಡ್ಯೂಟಿ ಮುಗಿಸಿ ಬಂದವಳು ಊಟಕ್ಕೆ ಬಡಿಸುತ್ತಾ, "ಕಡ್ಡಿ ಮಾವ ನಮ್ಮ ವಾರ್ಡಲ್ಲಿದಾರೆ," ಅಂದಳು. "ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿದೆ. ನಡುಕದ ರೋಗ ಅಂತೆ, ಜೋರಾಗಿ ಏರಿದೆ. ದನಿಯೂ ಬಿದ್ದುಹೋಗಿದೆ. ಕೂಟಕ್ಕೆ ಮೊದಲೇ ಕಾಲು ನಡುಗ್ತಿತ್ತಂತೆ ಪಾಪ."

ಗುಡುಗಿನ ಕೈ ತಟ್ಟೆಯ ಮೇಲೇ ನಿಂತಿತು. "ಯಾವ ಕಾಲು?"

"ಎಡಗಾಲು."

ಅವನು ತಟ್ಟೆ ಸರಿಸಿ ಎದ್ದ. ಮರುದಿನ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಅಲ್ಲಿದ್ದರು.

ಕಡ್ಡಿ ಹೆಸರಿಗಿಂತ ಸಣ್ಣಗಾಗಿದ್ದ. ಗೆಳೆಯನನ್ನು ಕಂಡು ತುಟಿ ಅಲುಗಿಸಿದ. ಗುಡುಗು ಮಿಷನ್ನಿನ ಗುಂಡಿ ತಿರುವಿ, ಬಾಗಿ, ಕಿವಿಯನ್ನು ಅವನ ಬಾಯಿಗೇ ಹಿಡಿದ. ದನಿ ಅಷ್ಟು ಕ್ಷೀಣ, ಏನೂ ಹತ್ತಲಿಲ್ಲ. ತುಟಿಯನ್ನು ಓದೋಣವೆಂದರೆ ಅದೂ ನಡುಗುತ್ತಿತ್ತು. ಕೊನೆಗೆ ಟೈಲರಮ್ಮ ನಡುವೆ ಕೂತು, ಅವನು ಉಸುರಿದ್ದನ್ನು ಇವನಿಗೆ ಕೂಗಿ ಹೇಳಬೇಕಾಯಿತು.

"ಚಹಾ ಆಯ್ತಾ ಅಂತ ಕೇಳ್ತಿದಾರೆ."

"ಆಯ್ತು ಕಣೋ."

"ಅವತ್ತು ಬೈದಿದ್ದನ್ನ ಮನಸ್ಸಲ್ಲಿ ಇಟ್ಕೋಬೇಡ ಅಂತಿದಾರೆ."

"ಬೈದಿದ್ದು ನಾನು ಕಣೋ, ನೀನಲ್ಲ. ನಿನ್ನ ಕಾಲಿನ ವಿಷಯ ನಂಗೆ ಗೊತ್ತಿರ್ಲಿಲ್ಲ." ಗುಡುಗು ಅಳುತ್ತಿದ್ದ.

ಕಡ್ಡಿ ಆಮೇಲೆ ಅವಳ ಕಡೆ ತಿರುಗಿ ಮೆಲ್ಲಗೆ ಅಂದ: "ನಡುಗೋ ಕಾಲನ್ನ ಮುಚ್ಚಿದ್ದು ಸರಿ. ಇನ್ನೊಂದು ಕಾಲಲ್ಲಿ ತಾಳ ಹಾಕಿ ಅಂದದ್ದು ಯಾಕೆ ಅಂತ ಈಗ ಹೊಳೀತು ತಂಗಿ. ನಿಂಗೆ ಅವನ ಕಿವೀದೂ ಗೊತ್ತಿತ್ತು. ಇಬ್ಬರದೂ ಗೊತ್ತಿತ್ತು. ಒಬ್ಬರಿಗಾದ್ರೂ ಹೇಳ್ಬಾರ್ದಿತ್ತಾ?"

"ಏನಂದ? ಏನಂದನೇ ಅವನು?" ಗುಡುಗು ಅವಳ ತೋಳು ಹಿಡಿದು ಅಲುಗಿಸಿದ.

ಅವಳು ಏನು ಬೇಕಾದರೂ ಹೇಳಬಹುದಿತ್ತು. ನೀರು ಕೇಳ್ತಿದಾರೆ ಅಂದರೂ ನಡೆಯುತ್ತಿತ್ತು. ಕಡ್ಡಿ ಅವಳನ್ನೇ ನೋಡುತ್ತಾ ಮಲಗಿದ್ದ. ಅವಳು ಗಂಡನ ಬಲಗಿವಿಗೆ ಬಾಗಿ ಗಟ್ಟಿಯಾಗಿ ಹೇಳಿದಳು, "ನಿಮ್ಮ ಕಿವೀದೂ, ಅವರ ಕಾಲಿಂದೂ, ಎರಡೂ ನಂಗೆ ಮೊದಲೇ ಗೊತ್ತಿತ್ತು ಅಂತಿದಾರೆ. ಹೌದು. ಗೊತ್ತಿತ್ತು." ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಗುಡುಗು ಅವಳ ತೋಳು ಬಿಟ್ಟ. ಕುರ್ಚಿಯನ್ನು ಮಂಚಕ್ಕೆ ಒತ್ತಿ, ಅವಳಿಗೆ ಬೆನ್ನು ಮಾಡಿ ಕೂತುಕೊಂಡ. ಅವಳು ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಹನ್ನೆರಡು ಗಂಟೆಯ ತನಕ ಕಾದಳು.

ಮೂರು ವಾರಕ್ಕೆ ಕಡ್ಡಿಯನ್ನು ಮನೆಗೆ ಕಳಿಸಿದರು. ಇನ್ನು ಅವನು ಎದ್ದು ಓಡಾಡುವುದಿಲ್ಲ ಎಂದಳು ಸೊಸೆ. ಗುಡುಗು ದಿನಾ ನಾಲ್ಕಕ್ಕೆ ಅಲ್ಲಿಗೆ ಹೊರಡುತ್ತಿದ್ದ, ಏಳಕ್ಕೆ ಬರುತ್ತಿದ್ದ. ಬಂದು ಉಂಡು, ಮೊಮ್ಮಗಳ ಹತ್ತಿರ ನಾಲ್ಕು ಮಾತಾಡಿ ಮಲಗುತ್ತಿದ್ದ. ಹೆಂಡತಿಯ ಜೊತೆ ಜಗಳವಿರಲಿಲ್ಲ. ಅವಳು ಕೇಳಿದ್ದಕ್ಕೆ ಹೂಂ, ಇಲ್ಲದಿದ್ದರೆ ಉಹೂಂ.

ಒಂದು ದಿನ ಅವನು ಹೊರಡುವ ಹೊತ್ತಿಗೆ ಅವಳು ಸೀರೆ ಬದಲಿಸಿ ಸಿದ್ಧವಾಗಿ ನಿಂತಿದ್ದಳು. "ನಾನೂ ಬರ್ಲಾ?"

"ಬೇಡ."

"ಅಣ್ಣ ಮಾತಾಡೋದು ನಿಮಗೆ ಕೇಳಿಸಲ್ಲ. ಯಾರು ಹೇಳ್ತಾರೆ ನಿಮಗೆ?"

ಚಪ್ಪಲಿ ಮೆಟ್ಟುತ್ತಿದ್ದವನು ಅವಳ ಮುಖ ನೋಡಿದ. "ಹೇಳ್ಬೇಕಾದಾಗ ನೀನು ಹೇಳ್ಲಿಲ್ಲ. ಈಗ ಕೇಳಿಸದೇ ಇದ್ರೂ ನಾವಿಬ್ಬರೂ ಹೇಗೋ ನಡೆಸ್ಕೋತೀವಿ."

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವಳಿಗೂ ಎದುರಾಡುವುದಕ್ಕೆ ಏನಾದರೂ ಸಿಗುತ್ತಿತ್ತು. ಅವನು ಕಂಬಿ ಹಿಡಿದುಕೊಂಡು ಮೆಟ್ಟಿಲು ಇಳಿಯತೊಡಗಿದ. ಅವಳು ಬಾಗಿಲಿಗೆ ಓಡಿ ಬಂದು, "ತಪ್ಪಾಯ್ತು ರೀ," ಅಂದಳು. ಮೂವತ್ತಾರು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಅವನು ಒಂದೊಂದೇ ಮೆಟ್ಟಿಲು ಇಳಿದು ತಿರುವಿನಲ್ಲಿ ಮರೆಯಾದ. ಕಿವಿಗೆ ಮಿಷನ್ ಹಾಕಿಕೊಂಡು ಹೊರಟಿದ್ದನೋ ಇಲ್ಲವೋ, ಅವಳು ನೋಡಿರಲಿಲ್ಲ.